ಪಟ್ಟಿಯಲ್ಲಿ ಇಲ್ಲದ ಪಂದ್ಯಗಳು: ಹಾವೇರಿಯಿಂದ ರಾಣೆಬೆನ್ನೂರಿಗೆ ಒಂದು ಪ್ರಯಾಣ

ಹಾವೇರಿಯಿಂದ ರಾಣೆಬೆನ್ನೂರಿಗೆ ಹೋಗುವವರು ಸಾಮಾನ್ಯವಾಗಿ ಬ್ಯಾಡಗಿಯ ಒಳಗೆ ಹೋಗುವುದಿಲ್ಲ. ಹೆದ್ದಾರಿಯು ಮೋಟೆಬೆನ್ನೂರಿನ ಮೇಲೆ ಹಾದು ನೇರವಾಗಿ ಸಾಗುತ್ತದೆ. ಬ್ಯಾಡಗಿಗೆ ಅಲ್ಲಿಂದ ಒಳರಸ್ತೆ. ರೈಲಿನ ಹಾದಿ ಹಾಗಲ್ಲ. ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ಎಂದು ಊರೂರನ್ನೂ ಮಾತನಾಡಿಸಿಕೊಂಡು ಹೋಗುತ್ತದೆ.

ಈ ಮೂರು ಊರುಗಳಿಗೂ ಒಂದೊಂದು ಗುರುತಿದೆ. ಹಾವೇರಿ ಎಂದರೆ ಯಾಲಕ್ಕಿ ಹಾರ. ಬ್ಯಾಡಗಿ ಎಂದರೆ ಮೆಣಸಿನಕಾಯಿ. ರಾಣೆಬೆನ್ನೂರು ಎಂದರೆ ಬೀಜದ ವ್ಯಾಪಾರ, ಜೊತೆಗೆ 1974ರಲ್ಲಿ ಸ್ಥಾಪನೆಯಾದ ಕೃಷ್ಣಮೃಗ ಅಭಯಾರಣ್ಯ. ಆಟದ ಮಾತು ಬಂದರೆ ನಮ್ಮ ಕಡೆಯವರು ಕುಸ್ತಿ, ಕಬಡ್ಡಿ, ದೀಪಾವಳಿಯ ನಂತರದ ಹೋರಿ ಬೆದರಿಸುವ ಸ್ಪರ್ಧೆಯ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ. ಫುಟ್ಬಾಲಿಗೆ ಹೆಸರಾದ ಊರು ಇವುಗಳಲ್ಲಿ ಒಂದೂ ಇಲ್ಲ. ಆದರೂ ಈ ಹಾದಿಯಲ್ಲಿ ನಾನು ಹೋದದ್ದು ಫುಟ್ಬಾಲಿನ ಸಲುವಾಗಿ. ದಾರಿಯುದ್ದಕ್ಕೂ ಮಾತಾಡಿದ್ದೂ ಅದರ ಬಗ್ಗೆಯೇ.

ನಾನು ಹಾವೇರಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಮ್ಮಲ್ಲಿ ಎಂಟು, ಒಂಬತ್ತನೇ ತರಗತಿಯ ಕೆಲವು ಹುಡುಗಿಯರು ಚೆಂಡಿನ ಹಿಂದೆ ಬಿದ್ದಿದ್ದಾರೆ. ಖೋಖೋ, ಕಬಡ್ಡಿಯಾದರೆ ಹುಡುಗಿಯರ ತಂಡ ಕಟ್ಟುವುದು ಸುಲಭ. ಫುಟ್ಬಾಲಿಗೆ ಹನ್ನೊಂದು ಹುಡುಗಿಯರನ್ನು ಕೂಡಿಸುವುದೆಂದರೆ ಹನ್ನೊಂದು ಮನೆಗಳ ಬಾಗಿಲು ತಟ್ಟಬೇಕು. ಒಂಬತ್ತು ಬಾಗಿಲು ತೆರೆದವು. ರಾಣೆಬೆನ್ನೂರಿನ ಒಂದು ಶಾಲೆಯ ಶಿಕ್ಷಕಿಯೂ ಇದೇ ಕಷ್ಟದಲ್ಲಿದ್ದರು. ‘ಏಳೇಳು ಮಂದಿಯ ಒಂದು ಪಂದ್ಯ ಇಟ್ಟುಕೊಳ್ಳೋಣ, ಒಂದು ಭಾನುವಾರ ಬನ್ನಿ’ ಎಂದರು. ಅದು ಇಲಾಖೆಯ ಕ್ರೀಡಾಕೂಟವಲ್ಲ, ತಾಲ್ಲೂಕು ಮಟ್ಟವೂ ಅಲ್ಲ. ಇಬ್ಬರು ಶಿಕ್ಷಕಿಯರು ಫೋನಿನಲ್ಲಿ ನಿಶ್ಚಯಿಸಿದ ಆಟ, ಅಷ್ಟೇ.

ಇದೇ ಒಂದು ಮನೆಯಲ್ಲಿ ತೊಡಕಾಯಿತು. ನಮ್ಮ ಗೋಲ್‌ಕೀಪರ್ ಹುಡುಗಿಯ ತಂದೆ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರು. ಒಳ್ಳೆಯ ಮನುಷ್ಯ. ಮಗಳ ಓದಿಗೆ ಎಂದೂ ಅಡ್ಡ ಬಂದವರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸರ್ಟಿಫಿಕೇಟ್ ಕೊಡಂಗಿಲ್ಲಂದ್ರ ಅಲ್ಲೀತನಕ ಯಾಕ ಹೋಗಬೇಕ್ರೀ ಆಪಾ? ಲೆಕ್ಕಕ್ಕ ಬರದ ಆಟ ಆಡಿ ಏನು ಬಂತು?”

ಅದು ತೆಗೆದುಹಾಕುವ ಪ್ರಶ್ನೆಯಲ್ಲ. ಬಡವರ ಮನೆಯಲ್ಲಿ ಒಂದು ಭಾನುವಾರಕ್ಕೂ ಬೆಲೆಯಿದೆ. ಕೊನೆಗೆ ಹುಡುಗಿಯ ದಾದಿಯೇ ದಾರಿ ತೋರಿಸಿದರು. ಅವರು ಬ್ಯಾಡಗಿಯಲ್ಲಿ ಇನ್ನೊಬ್ಬ ಮಗನ ಮನೆಯಲ್ಲಿರುತ್ತಾರೆ. “ನಾನೂ ಜೊತೆಗೆ ಹೋಗುತ್ತೇನೆ. ಹೆಂಗಸರಿಗೆ ಬಸ್ಸಿಗೆ ಹೇಗೂ ದುಡ್ಡಿಲ್ಲ” ಎಂದು ಫೋನಿನಲ್ಲಿ ಮಗನಿಗೆ ಹೇಳಿದರಂತೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಹೀಗೂ ಒಂದು ಉಪಕಾರ ಮಾಡಿತು. ಅಜ್ಜಿಯನ್ನು ಕರೆದುಕೊಳ್ಳಲು ನಾವು ಹೆದ್ದಾರಿ ಬಿಟ್ಟು ಬ್ಯಾಡಗಿಯ ಬಸ್ಸು ಹಿಡಿದೆವು.

ಹಾವೇರಿ: ‘ಅನಧಿಕೃತ’ ಎಂಬ ಮಾತು

ಹಾವೇರಿಯ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದಳು. “ಅಕ್ಕೋರ, ಭಾರತ ತಂಡ ಆಡಿದ ಎಷ್ಟೋ ಮ್ಯಾಚ್ ಅನಧಿಕೃತ ಅಂತ ಓದಿದೆ. ಅನಧಿಕೃತ ಅಂದ್ರ ಸುಳ್ಳು ಅಂತ ಏನ್ರೀ?”

ಒಳ್ಳೆಯ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಎರಡು ದೇಶಗಳ ಫುಟ್ಬಾಲ್ ಪಂದ್ಯ ಅಧಿಕೃತ ಎನಿಸಿಕೊಳ್ಳಬೇಕಾದರೆ ಎರಡೂ ಕಡೆಯವರು ಆಯಾ ದೇಶದ ಮಾನ್ಯತೆ ಪಡೆದ ಸಂಸ್ಥೆಯ ಮೊದಲ ತಂಡವಾಗಿರಬೇಕು. ಆ ಸಂಸ್ಥೆ ಜಾಗತಿಕ ಫುಟ್ಬಾಲ್ ಒಕ್ಕೂಟವಾದ ಫಿಫಾದ ಸದಸ್ಯನಾಗಿರಬೇಕು. ಎದುರಾಳಿ ಒಂದು ಕ್ಲಬ್ ಆದರೆ, ಒಂದು ರಾಜ್ಯದ ತಂಡವಾದರೆ, ಇಲ್ಲವೇ ಎರಡನೇ ದರ್ಜೆಯ ತಂಡವಾದರೆ ಅದು ಪಟ್ಟಿಗೆ ಸೇರುವುದಿಲ್ಲ. ಚೆಂಡು ಅದೇ, ಮೈದಾನ ಅದೇ, ಬೆವರೂ ಅದೇ. ದಫ್ತರ ಮಾತ್ರ ಬೇರೆ.

ನಮ್ಮ ದೇಶದ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್ ಹುಟ್ಟಿದ್ದು 1937ರಲ್ಲಿ, ಶಿಮ್ಲಾದಲ್ಲಿ. ಫಿಫಾದ ಸದಸ್ಯತ್ವ ಸಿಕ್ಕಿದ್ದು 1948ರಲ್ಲಿ. ಆದರೆ ನಮ್ಮವರು ಅದಕ್ಕೂ ಮೊದಲೇ ಹೊರದೇಶದ ತಂಡಗಳ ಜೊತೆ ಆಡಿದ್ದರು. 1933ರಲ್ಲಿ ಗೋಷ್ಠ ಪಾಲ್ ನಾಯಕತ್ವದಲ್ಲಿ ಒಂದು ತಂಡ ಸಿಲೋನಿಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಹೋಗಿ ಬಂತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟಿದ್ದ ಚೀನಾ ತಂಡ ದಾರಿಯಲ್ಲಿ ನಮ್ಮಲ್ಲೂ ಪಂದ್ಯಗಳನ್ನಾಡಿತು. 1937ರಲ್ಲಿ ಇಂಗ್ಲೆಂಡಿನ ಇಸ್ಲಿಂಗ್ಟನ್ ಕೊರಿಂಥಿಯನ್ಸ್ ಎಂಬ ಕ್ಲಬ್ ಬಂದು ಊರೂರು ಸುತ್ತಿತು. ಆ ಬಿಳಿಯರನ್ನು ಭಾರತದ ನೆಲದಲ್ಲಿ ಸೋಲಿಸಿದ್ದು ಢಾಕಾದ ಒಂದೇ ತಂಡ, ಒಂದೇ ಗೋಲಿನಿಂದ.

1938ರಲ್ಲಿ ಕರುಣಾ ಭಟ್ಟಾಚಾರ್ಯರ ನಾಯಕತ್ವದಲ್ಲಿ ಭಾರತದ ತಂಡ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಯಿತು. ಅಲ್ಲಿನ ದೇಶದ ತಂಡದೊಂದಿಗೆ ಐದು ಪಂದ್ಯಗಳು, ಜೊತೆಗೆ ಸ್ಥಳೀಯ ತಂಡಗಳ ಜೊತೆ ಇನ್ನೂ ಹಲವು. ಸೆಪ್ಟೆಂಬರ್ 3ರಂದು ಸಿಡ್ನಿಯಲ್ಲಿ 5-3ರಿಂದ ಸೋತರು. ಎರಡು ವಾರದ ನಂತರ ನ್ಯೂಕ್ಯಾಸಲ್‌ನಲ್ಲಿ 4-1ರಿಂದ ಗೆದ್ದರು. ದೇಶ ಆಗ ಪರರ ಕೈಯಲ್ಲಿತ್ತು. ಆದ್ದರಿಂದ ಇಂದಿಗೂ ‘ಭಾರತದ ಮೊದಲ ಅಂತಾರಾಷ್ಟ್ರೀಯ ಪಂದ್ಯ ಯಾವುದು’ ಎಂದು ಕೇಳಿದರೆ ಉತ್ತರವನ್ನು ಎರಡು ಸಾಲಿನಲ್ಲಿ ಬರೆಯುತ್ತಾರೆ. ಸ್ವಾತಂತ್ರ್ಯಕ್ಕೆ ಮುಂಚೆ 1938ರ ಸಿಡ್ನಿ, ಸ್ವಾತಂತ್ರ್ಯದ ನಂತರ 1948ರ ಲಂಡನ್.

“ಹಂಗಾದ್ರ ಸುಳ್ಳಲ್ಲ” ಎಂದಳು ಹುಡುಗಿ. ಸುಳ್ಳಲ್ಲ. ಬರೆದುಕೊಳ್ಳುವವರು ಬೇರೆ ಪುಸ್ತಕದಲ್ಲಿ ಬರೆದಿದ್ದಾರೆ, ಕೆಲವೊಮ್ಮೆ ಬರೆದೇ ಇಲ್ಲ.

ಹಾವೇರಿಯ ಯಾಲಕ್ಕಿ ಹಾರವನ್ನೇ ನೋಡಿ. ಊರಿಗೆ ಬರುವ ದೊಡ್ಡವರ ಕೊರಳಿಗೆ ಹಾಕುವ ಈ ಹಾರವನ್ನು ತಲೆಮಾರುಗಳಿಂದ ಕಟ್ಟುತ್ತ ಬಂದದ್ದು ಪಟವೇಗಾರ ಎಂಬ ಮುಸ್ಲಿಂ ಮನೆತನ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆದಾಗ ಈ ಹಾರದ ಹೆಸರು ನಾಡಿಗೆಲ್ಲ ಕೇಳಿಸಿತು. ಹಾರ ಹಾಕಿಸಿಕೊಂಡವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಒಂದೊಂದೇ ಕಾಯಿ ಪೋಣಿಸಿದ ಕೈಗಳ ಫೋಟೋ ಅಪರೂಪ. ಆಟದ ಚರಿತ್ರೆಯಲ್ಲೂ ಇದೇ ಆಗಿದೆ.

ಬ್ಯಾಡಗಿ: ಬೆಂಗಳೂರಿನ ಹುಡುಗರು

ಬಸ್ಸು ಮೋಟೆಬೆನ್ನೂರಿಗೆ ಬಂತು. ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ಹೆಜ್ಜೆ ಹಾಕಿದ ಕನ್ನಡಿಗ ಮೈಲಾರ ಮಹದೇವಪ್ಪನವರ ಊರು ಇದು. ಇಲ್ಲಿಂದ ಮುಂದೆ ಬ್ಯಾಡಗಿಯ ಘಾಟು ಗಾಳಿಯಲ್ಲೇ ಗೊತ್ತಾಗುತ್ತದೆ. ಹುಡುಗಿಯರೆಲ್ಲ ಸೀನತೊಡಗಿದರು. ವಿಚಿತ್ರವೆಂದರೆ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಸಿಪ್ಪೆ ಸುಕ್ಕುಗಟ್ಟಿರುತ್ತದೆ. ಅದರಿಂದ ತೆಗೆಯುವ ಕೆಂಪು ಸತ್ವ ಅಡುಗೆಗಷ್ಟೇ ಅಲ್ಲ, ತುಟಿಯ ಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾನ್ಯತೆ ಬರುವ ಮೊದಲೂ ಅದು ಬ್ಯಾಡಗಿ ಮೆಣಸಿನಕಾಯಿಯೇ ಆಗಿತ್ತೆಂಬುದು ನಮ್ಮ ಅಡುಗೆಮನೆಗಳಿಗೆ ಗೊತ್ತು.

ದಾದಿ ಚೀಲ ಹಿಡಿದು ನಿಂತಿದ್ದರು. ಎಪ್ಪತ್ತರ ಆಸುಪಾಸಿನ ವಯಸ್ಸು. ವರ್ಷಗಟ್ಟಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡಿದವರು. ಆ ಕೆಲಸಕ್ಕೆ ಕೂಲಿ ಕಿಲೋ ಲೆಕ್ಕದಲ್ಲಿ. ಸೋಮವಾರ, ಗುರುವಾರ ಮಾರುಕಟ್ಟೆಯಲ್ಲಿ ಲಕ್ಷಗಟ್ಟಲೆ ಚೀಲಗಳ ಲೆಕ್ಕ ನಡೆಯುವ ಊರಿನಲ್ಲಿ ಇಂಥ ಸಾವಿರಾರು ಹೆಂಗಸರ ಬೆರಳಿನ ಉರಿಗೆ ಲೆಕ್ಕವಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ದಾದಿ ಕೇಳಿದರು: “ನಮ್ಮವರು ಯಾರಾದರೂ ಈ ಆಟ ಆಡಿದ್ದಾರೇನು ಬೇಟಿ?”

ಆಡಿದ್ದಾರೆ, ಚೆನ್ನಾಗಿಯೇ ಆಡಿದ್ದಾರೆ. ಮುಂಬಯಿಯಲ್ಲಿ 1891ರಲ್ಲಿ ಆರಂಭವಾದ ರೋವರ್ಸ್ ಕಪ್ ಎಂಬ ಪಂದ್ಯಾವಳಿಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬ್ರಿಟಿಷ್ ಸೇನೆಯ ತಂಡಗಳೇ ಗೆಲ್ಲುತ್ತಿದ್ದವು. ಅದನ್ನು ಮೊದಲ ಬಾರಿಗೆ ಗೆದ್ದ ಭಾರತೀಯ ತಂಡ ಕೊಲ್ಕತ್ತಾದ್ದೂ ಅಲ್ಲ, ಮುಂಬಯಿಯದ್ದೂ ಅಲ್ಲ. ಅದು ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಫೈನಲ್‌ನಲ್ಲಿ ಎದುರಾಳಿಯಾಗಿದ್ದದ್ದು ಕೊಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ ಅದು. ಮಾರನೆಯ ವರ್ಷ, 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಬ್ರಿಟಿಷ್ ಸೇನಾ ತಂಡವೊಂದನ್ನು ಸೋಲಿಸಿ ಅದೇ ಕಪ್ ಉಳಿಸಿಕೊಂಡಿತು. 1948ರಲ್ಲಿ ಮತ್ತೊಮ್ಮೆ ಗೆದ್ದಿತು.

ಬಸ್ಸಿನ ಕಿಟಕಿಯಿಂದ ರೈಲು ಹಳಿ ಕಾಣಿಸಿತು. ಹುಡುಗಿಯರಿಗೆ ತೋರಿಸಿದೆ. ಆ ಕಾಲದಲ್ಲಿ ಬೆಂಗಳೂರಿನಿಂದ ಪುಣೆಗೆ ಹೋಗುವ ಮೀಟರ್ ಗೇಜ್ ಹಾದಿ ಇದೇ. ಹರಿಹರದ ಹತ್ತಿರ ತುಂಗಭದ್ರೆ ದಾಟಿದರೆ ಮಹಾರಾಜರ ಮೈಸೂರು ಸಂಸ್ಥಾನ ಮುಗಿದು ಬ್ರಿಟಿಷರ ಮುಂಬಯಿ ಪ್ರಾಂತ ಆರಂಭವಾಗುತ್ತಿತ್ತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಮೂರೂ ಆಗ ಧಾರವಾಡ ಜಿಲ್ಲೆಯಲ್ಲಿದ್ದವು. 1956ರಲ್ಲಿ ಗಡಿ ಅಳಿಸಿತು. 1997ರಲ್ಲಿ ಹಾವೇರಿಯೇ ಜಿಲ್ಲೆಯಾಯಿತು. 1990ರ ದಶಕದಲ್ಲಿ ಹಳಿಯೂ ಅಗಲವಾಯಿತು. ಪ್ರಾಂತ, ಜಿಲ್ಲೆ, ಹಳಿ ಎಲ್ಲ ಬದಲಾದರೂ ಊರುಗಳು ಇದ್ದಲ್ಲೇ ಇವೆ.

ಬೆಂಗಳೂರಿನ ಕಥೆ ಲಂಡನ್ನಿಗೂ ಹೋಗುತ್ತದೆ. 1948ರ ಒಲಿಂಪಿಕ್ಸ್‌ಗೆ ಹೋದ ಸ್ವತಂತ್ರ ಭಾರತದ ಮೊದಲ ತಂಡದಲ್ಲಿ ಬೆಂಗಳೂರಿನ ಆಟಗಾರರು ಹಲವರಿದ್ದರು. ಜುಲೈ 31ರಂದು ಫ್ರಾನ್ಸ್ ಎದುರು ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿದವು. ಕೊನೆಯ ನಿಮಿಷಗಳಲ್ಲಿ ಗೋಲು ಬಿಟ್ಟು 2-1ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಇದು ಎಲ್ಲ ಪುಸ್ತಕಗಳಲ್ಲೂ ಇದೆ.

ಪುಸ್ತಕಗಳಲ್ಲಿ ಅಷ್ಟಾಗಿ ಇಲ್ಲದ್ದು ಮುಂದಿನ ಕಥೆ. ಸೋತ ತಂಡ ನೇರವಾಗಿ ಮನೆಗೆ ಬರಲಿಲ್ಲ. ಹಾಲೆಂಡಿಗೆ ಹೋಗಿ ಪ್ರದರ್ಶನ ಪಂದ್ಯಗಳನ್ನಾಡಿತು. ಅಲ್ಲಿ ಅಜಾಕ್ಸ್ ಎಂಬ ಹೆಸರಾಂತ ಕ್ಲಬ್ಬನ್ನು 5-1ರಿಂದ ಸೋಲಿಸಿತು. ಮುಂದೆ ಯುರೋಪಿನ ಅತಿದೊಡ್ಡ ಕಪ್ಪನ್ನು ಹಲವು ಬಾರಿ ಗೆದ್ದ ಅದೇ ಅಜಾಕ್ಸ್. ಎದುರಾಳಿ ದೇಶವಲ್ಲ, ಕ್ಲಬ್. ಆದ್ದರಿಂದ ಭಾರತದ ಅಧಿಕೃತ ಪಟ್ಟಿಯಲ್ಲಿ ಆ ಗೆಲುವಿಗೆ ಸ್ಥಾನವಿಲ್ಲ. ಸೋಲು ಲೆಕ್ಕಕ್ಕಿದೆ, ಗೆಲುವು ಇಲ್ಲ!

ಆ ತಂಡದಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ದರು. ಫುಟ್ಬಾಲ್ ಆಡುವವರ ಮನೆತನದಲ್ಲೇ ಹುಟ್ಟಿದವರು. ನಂತರ ಕೊಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾಗಿ ಹೆಸರಾದರು. ಅಭಿಮಾನಿಗಳು ಆ ಐವರನ್ನು ‘ಪಂಚ ಪಾಂಡವರು’ ಎನ್ನುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 10-1ರಿಂದ ಸೋತಾಗ ಆ ಒಂದು ಗೋಲು ಅವರದೇ. 2017ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ದಾದಿ ಎಲ್ಲ ಕೇಳಿಸಿಕೊಂಡು, “ಹತ್ತು ಕೊಟ್ಟ ದಿನವೂ ಒಂದು ಹೊಡೆದನಲ್ಲ” ಎಂದರು.

ಶಿಕ್ಷಕರೊಬ್ಬರ ತಂಡ

ಬ್ಯಾಡಗಿ ಬಿಟ್ಟ ಮೇಲೆ ಹುಡುಗಿಯರಿಗೆ ಹೇಳಿದ್ದು ಒಬ್ಬ ಶಾಲಾ ಶಿಕ್ಷಕರ ವಿಷಯ. ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್ ಬಿ.ಎ. ಓದಿದ ಶಿಕ್ಷಕ. 1950ರಿಂದ 1963ರಲ್ಲಿ ತೀರಿಕೊಳ್ಳುವ ತನಕ ಭಾರತ ತಂಡದ ತರಬೇತುದಾರ. ಅವರ ಕಾಲದಲ್ಲಿ ಭಾರತ 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು. ಮೈಸೂರು ರಾಜ್ಯದ ಕೆಂಪಯ್ಯ ಆ ತಂಡದಲ್ಲಿದ್ದರು. ರಹೀಮ್ ಸಾಹೇಬರ ಬದುಕಿನ ಮೇಲೆ 2024ರಲ್ಲಿ ಹಿಂದಿ ಚಿತ್ರವೂ ಬಂತು.

ಅವರ ತಂಡದ ಕಥೆಯಲ್ಲೂ ಸೌಹಾರ್ದ ಪಂದ್ಯಗಳಿಗೆ ಒಂದು ಜಾಗವಿದೆ. 1955ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಸೋವಿಯತ್ ಒಕ್ಕೂಟ ನಮ್ಮವರನ್ನು 11-1ರಿಂದ ಸೋಲಿಸಿತು. ಭಾರತದ ಅತಿದೊಡ್ಡ ಸೋಲೆಂದು ಹೇಳುವುದು ಅದನ್ನೇ. ಮುಂದಿನ ವರ್ಷ ಒಲಿಂಪಿಕ್ಸ್ ಮುಗಿದ ಮೇಲೆ, ಡಿಸೆಂಬರ್ 12ರಂದು, ಸಿಡ್ನಿಯಲ್ಲಿ ಆಸ್ಟ್ರೇಲಿಯಾವನ್ನು 7-1ರಿಂದ ಸೋಲಿಸಿದರು. ಅತಿದೊಡ್ಡ ಗೆಲುವೆಂದು ಹೇಳುವುದು ಇದನ್ನೇ. ಎರಡೂ ಯಾವ ಕಪ್ಪಿಗೂ ಪದಕಕ್ಕೂ ಸಂಬಂಧಪಟ್ಟ ಆಟಗಳಲ್ಲ. ಹದಿನೈದು ತಿಂಗಳಲ್ಲಿ ಒಂದು ತಂಡ ಎಲ್ಲಿಂದ ಎಲ್ಲಿಗೆ ಬಂತೆಂದು ತಿಳಿಯಬೇಕಾದರೆ ಇವೆರಡನ್ನೂ ಓದಬೇಕು. ಪರೀಕ್ಷೆಯ ಅಂಕಪಟ್ಟಿ ನೋಡಿದವರಿಗೆ ಮಗುವಿನ ಫಲಿತಾಂಶ ಗೊತ್ತಾಗುತ್ತದೆ. ವರ್ಷವಿಡೀ ಬರೆದ ನೋಟ್‌ಬುಕ್ ತಿರುವಿದ ಶಿಕ್ಷಕಿಗೆ ಮಗು ಕಲಿತದ್ದು ಹೇಗೆಂದು ಗೊತ್ತಾಗುತ್ತದೆ.

ಇಂಥ ಪಂದ್ಯಗಳು ಆಮೇಲೂ ನಡೆದವು. 2000ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಗಿ ಫುಲ್ಹ್ಯಾಮ್, ವೆಸ್ಟ್ ಬ್ರಾಮ್‌ವಿಚ್ ಕ್ಲಬ್‌ಗಳ ಜೊತೆ ಆಡಿತು. 2012ರ ಜನವರಿಯಲ್ಲಿ ಬೈಚುಂಗ್ ಭುಟಿಯಾ ಅವರ ವಿದಾಯಕ್ಕೆಂದು ಜರ್ಮನಿಯ ಬಾಯರ್ನ್ ಮ್ಯೂನಿಕ್ ಕ್ಲಬ್ ದೆಹಲಿಗೆ ಬಂತು. ಭಾರತ 4-0ರಿಂದ ಸೋತಿತು. ದೇಶದ ಹೆಸರಾಂತ ಆಟಗಾರನ ಕೊನೆಯ ಆಟ ಅಧಿಕೃತ ಲೆಕ್ಕಕ್ಕೆ ಸೇರಲಿಲ್ಲ. ಮೈದಾನದಲ್ಲಿ ಕಣ್ಣೀರು ಹಾಕಿದವರು ಅದನ್ನು ಕೇಳಿ ಹಾಕಿರಲಿಲ್ಲ.

ರಾಣೆಬೆನ್ನೂರು: ಹೆಣ್ಣುಮಕ್ಕಳ ದಫ್ತರ

ರಾಣೆಬೆನ್ನೂರಿನಲ್ಲಿ ಇಳಿದಾಗ ಹತ್ತೂವರೆ. ಮೈದಾನಕ್ಕೆ ನಡೆದೇ ಹೋದೆವು. ಎದುರಿನ ತಂಡದ ಹುಡುಗಿಯರಲ್ಲಿ ಕೆಲವರು ತಲೆವಸ್ತ್ರ ಕಟ್ಟಿದ್ದರು, ಕೆಲವರು ಎರಡು ಜಡೆ ಹಾಕಿದ್ದರು. ನಮ್ಮವರೂ ಹಾಗೆಯೇ. ಎಲ್ಲರೂ ಉದ್ದ ಪ್ಯಾಂಟು, ತುಂಬುತೋಳಿನ ಅಂಗಿ.

ಈ ತಲೆವಸ್ತ್ರದ ವಿಷಯದಲ್ಲೂ ದಫ್ತರದ ಒಂದು ಕಥೆಯಿದೆ. 2011ರ ಜೂನ್‌ನಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಒಲಿಂಪಿಕ್ಸ್ ಅರ್ಹತಾ ಪಂದ್ಯಕ್ಕೆ ಇರಾನಿನ ಮಹಿಳಾ ತಂಡ ಬಂದಿತ್ತು. ತಲೆ ಮುಚ್ಚಿಕೊಂಡಿದ್ದಾರೆಂಬ ಕಾರಣಕ್ಕೆ ಅವರಿಗೆ ಆಡಲು ಬಿಡಲಿಲ್ಲ. ಆ ಹುಡುಗಿಯರು ಮೈದಾನದಲ್ಲೇ ಅತ್ತರು. ಆಡದ ಆ ಪಂದ್ಯ ಜೋರ್ಡಾನ್ 3-0ರಿಂದ ಗೆದ್ದಂತೆ ಅಧಿಕೃತ ದಾಖಲೆಯಲ್ಲಿ ಸೇರಿತು. ನೋಡಿ, ಆಡಿ ಗೆದ್ದ ಅಜಾಕ್ಸ್ ಪಂದ್ಯ ಪಟ್ಟಿಯಲ್ಲಿಲ್ಲ. ಚೆಂಡೇ ಉರುಳದ ಅಮ್ಮಾನಿನ ಪಂದ್ಯ ಪಟ್ಟಿಯಲ್ಲಿದೆ. 2014ರಲ್ಲಿ ನಿಯಮ ಬದಲಾಗಿ ತಲೆವಸ್ತ್ರಕ್ಕೆ ಒಪ್ಪಿಗೆ ಸಿಕ್ಕಿತು. 2023ರ ಜುಲೈ 30ರಂದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮೊರೊಕ್ಕೊದ ನುಹೈಲಾ ಬೆನ್‌ಝೀನಾ ಹಿಜಾಬ್ ಧರಿಸಿ ವಿಶ್ವಕಪ್ ಪಂದ್ಯ ಆಡಿದ ಮೊದಲ ಆಟಗಾರ್ತಿಯಾದರು. ಅಂದು ಅವರ ತಂಡ ದಕ್ಷಿಣ ಕೊರಿಯಾವನ್ನು 1-0ರಿಂದ ಸೋಲಿಸಿತು.

ನಮ್ಮ ದೇಶದ ಹೆಣ್ಣುಮಕ್ಕಳ ಫುಟ್ಬಾಲ್ ಅಂತೂ ಆರಂಭದಲ್ಲಿ ಪೂರ್ತಿ ದಫ್ತರದ ಹೊರಗೇ ಬೆಳೆಯಿತು. 1975ರಲ್ಲಿ ಹುಟ್ಟಿದ ಭಾರತೀಯ ಮಹಿಳಾ ಫುಟ್ಬಾಲ್ ಫೆಡರೇಶನ್ ಒಂದು ಪ್ರತ್ಯೇಕ ಸಂಸ್ಥೆ. ಪುರುಷರ ಫುಟ್ಬಾಲ್ ನೋಡಿಕೊಳ್ಳುತ್ತಿದ್ದ ಫೆಡರೇಶನ್ ಮಹಿಳೆಯರ ಆಟವನ್ನು ತನ್ನ ಕೈಗೆ ತೆಗೆದುಕೊಂಡದ್ದು 1990ರ ದಶಕದ ಆರಂಭದಲ್ಲಿ. ಏಷ್ಯಾ ಮಟ್ಟದಲ್ಲೂ ಹಾಗೆಯೇ, ಮಹಿಳೆಯರ ಸಂಘಟನೆ 1986ರವರೆಗೆ ಬೇರೆಯೇ ಇತ್ತು. ಈ ಅನಾಥ ಸ್ಥಿತಿಯಲ್ಲೇ ನಮ್ಮ ಹುಡುಗಿಯರು 1980ರಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ನಡೆದ ಏಷ್ಯಾ ಚಾಂಪಿಯನ್‌ಶಿಪ್‌ನ ಫೈನಲ್ ತಲುಪಿದರು. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೆಯವರಾದರು. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಥಾಯ್ಲೆಂಡ್ ಎದುರು 3-0ರಿಂದ ಸೋಲು. ಅದೇ ವರ್ಷ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಫುಟ್ಬಾಲ್ ಆಟಗಾರ್ತಿಯಾದರು.

ಅಂದು ಬೇರೆ ಸಂಘಟನೆ ನಡೆಸಿದ ಆ ಪಂದ್ಯಾವಳಿಗಳನ್ನು ಇಂದು ಏಷ್ಯಾ ಒಕ್ಕೂಟವೇ ತನ್ನ ಮಹಿಳಾ ಏಷ್ಯಾ ಕಪ್‌ನ ಸಾಲಿನಲ್ಲಿ ಎಣಿಸುತ್ತದೆ. ಹೊರಗಿದ್ದದ್ದು ಒಳಗೆ ಬಂತು. ಯಾಕೆಂದರೆ ಎಲ್ಲಿ ಆಡಿದರು, ಯಾರು ಗೆದ್ದರು, ಎಷ್ಟು ಗೋಲು ಎಂದು ಯಾರೋ ಬರೆದಿಟ್ಟಿದ್ದರು. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳೆಯರು ಅದೇ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಅರ್ಹತಾ ಸುತ್ತು ಆಡಿ ಗೆದ್ದು ಅಲ್ಲಿಗೆ ತಲುಪಿದ್ದು ಅದೇ ಮೊದಲು. 1983ರ ಬ್ಯಾಂಕಾಕ್ ಗೊತ್ತಿದ್ದವರಿಗೆ ಆ ಗೆಲುವಿನ ರುಚಿ ಇನ್ನೂ ಹೆಚ್ಚು.

ಏಳೇಳು ಮಂದಿಯ ಪಂದ್ಯ

ನಮ್ಮ ಪಂದ್ಯ ಶುರುವಾದಾಗ ಬಿಸಿಲು ಏರಿತ್ತು. ಇಪ್ಪತ್ತು ನಿಮಿಷದ ಎರಡು ಅವಧಿ. ಅಲ್ಲಿನ ದೈಹಿಕ ಶಿಕ್ಷಕರೇ ರೆಫರಿ. ಗೋಲಿನ ಕಂಬಗಳ ಬದಲು ಎರಡೆರಡು ಇಟ್ಟಿಗೆ. ನೋಡುವವರು ಹೆಚ್ಚೆಂದರೆ ಮೂವತ್ತು ಮಂದಿ. ಅವರಲ್ಲಿ ಐದಾರು ತಾಯಂದಿರು. ದಾದಿ ನಮ್ಮ ಗೋಲಿನ ಹಿಂದೆಯೇ ಬೇವಿನ ಮರದ ಕೆಳಗೆ ಚೀಲ ಹಾಸಿಕೊಂಡು ಕೂತರು.

ನಾವು 3-1ರಿಂದ ಸೋತೆವು. ರಾಣೆಬೆನ್ನೂರಿನ ಹುಡುಗಿಯರು ಚೆಂಡು ಒಬ್ಬರಿಂದ ಒಬ್ಬರಿಗೆ ಕೊಟ್ಟು ಆಡಿದರು. ನಮ್ಮವರು ಎಲ್ಲರೂ ಒಟ್ಟಿಗೆ ಚೆಂಡಿನ ಹಿಂದೆ ಓಡಿದರು. ಆಟ ಮುಗಿದ ಮೇಲೆ ಎಲ್ಲರೂ ಕೂಡಿ ಕೂತು ಮಿರ್ಚಿ-ಮಂಡಕ್ಕಿ ತಿಂದೆವು. ಅದನ್ನು ಆತಿಥೇಯ ಶಾಲೆಯ ತಾಯಂದಿರು ತಂದಿದ್ದರು.

ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಫಲಿತಾಂಶ ಬರೆದುಕೊಳ್ಳುತ್ತಿದ್ದೆ. ದಿನಾಂಕ, ಊರು, 3-1, ಗೋಲು ಹೊಡೆದವರ ಹೆಸರು. ದಾದಿ ಹತ್ತಿರ ಬಂದು ಇಣುಕಿದರು. ಅವರಿಗೆ ಓದಲು ಬಾರದು. “ಏನು ಬರೆದೆ, ಓದು” ಎಂದರು. ಓದಿದೆ.

“ಹೊಡೆದದ್ದು ಬರೆದೆ. ಹಿಡಿದದ್ದು?”

ನಾನು ಸುಮ್ಮನಾದೆ. ಅವರು ಬೆರಳು ಮಡಚಿ ತೋರಿಸಿದರು. “ಹುಡುಗಿ ಏಳು ಸಲ ಹಿಡಿದಳು. ಮೂರು ಸಲ ಬಿಟ್ಟಳು. ಒಂದು ಸಲ ಕಾಲಲ್ಲಿ ತಡೆದಳು, ಅದನ್ನು ಏಳರಲ್ಲಿ ಸೇರಿಸಿಲ್ಲ. ಬರಿ.”

ಜೀವಮಾನವಿಡೀ ಬುಟ್ಟಿ ಲೆಕ್ಕ ಇಟ್ಟ ಬೆರಳುಗಳು ಅವು. ಬರೆದೆ. ಏಳು ಕೈಯಲ್ಲಿ, ಒಂದು ಕಾಲಲ್ಲಿ. ಗೋಲ್‌ಕೀಪರ್ ತಡೆದ ಚೆಂಡು ದೊಡ್ಡ ಪಂದ್ಯಗಳಲ್ಲೂ ಬಹಳ ಕಾಲ ಪಟ್ಟಿಗೆ ಸೇರುತ್ತಿರಲಿಲ್ಲ. ಹೊಡೆದವರ ಹೆಸರು ಉಳಿಯುತ್ತಿತ್ತು, ತಡೆದವರದ್ದು ನೋಡಿದವರ ನೆನಪಿನಲ್ಲಿ ಮಾತ್ರ. ಮನೆಯಲ್ಲೂ ಹೀಗೆಯೇ ಅಲ್ಲವೇ? ಮಾಡಿದ ಅಡುಗೆ ಕಾಣುತ್ತದೆ, ತಪ್ಪಿಸಿದ ಅನಾಹುತ ಕಾಣುವುದಿಲ್ಲ.

ಹಿಂದಿರುಗುವಾಗ ದಾದಿ ಬ್ಯಾಡಗಿಯಲ್ಲಿ ಇಳಿದುಕೊಂಡರು. ಸಂಜೆ ಹುಡುಗಿಯ ಮನೆಗೆ ಹೋಗಿ ಅವಳನ್ನು ಒಪ್ಪಿಸಿದೆ. ತಂದೆ ಕೇಳಿದ ಮೊದಲ ಮಾತು ಗೆದ್ದಿರೋ ಸೋತಿರೋ ಎಂದಲ್ಲ. “ಏಳು ಹಿಡಿದ್ಯಂತಲ್ಲ?” ಎಂದರು. ದಾದಿಯ ಫೋನು ನಮಗಿಂತ ಮೊದಲೇ ಮುಟ್ಟಿತ್ತು. ಕೆಲವು ದಿನದ ನಂತರ ಇಲಾಖೆಯ ತಾಲ್ಲೂಕು ಮಟ್ಟದ ಕ್ರೀಡಾಕೂಟದ ಫಾರಂ ಕಳಿಸಿದಾಗ ಅವರು ಸಹಿ ಹಾಕಿದರು. ಜಿಲ್ಲಾ ಮಟ್ಟದ ಮಾತು ಬಂದಾಗ “ನೋಡೋಣ್ರೀ ಆಪಾ” ಎಂದರು. ಅಷ್ಟೂ ಸಾಕು.

ಬರೆದಿಡೋಣ

2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸಂತೋಷ್ ಟ್ರೋಫಿ ಗೆದ್ದದ್ದು ನಿಮಗೆ ನೆನಪಿರಬಹುದು. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ನಂತರ 54 ವರ್ಷ ಕಾದ ಗೆಲುವು ಅದು. ವಿಶೇಷವೆಂದರೆ ಆ ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ. ಮೇಘಾಲಯದ ಎದುರು 3-2. ಹೊರದೇಶದ ಮಣ್ಣಿನಲ್ಲಿ ನಡೆದರೂ ಅದು ಅಂತಾರಾಷ್ಟ್ರೀಯ ಪಂದ್ಯವಲ್ಲ, ನಮ್ಮ ಎರಡು ರಾಜ್ಯಗಳ ಆಟ. ರಿಯಾದ್‌ನಲ್ಲಿ ದುಡಿಯುವ ಕನ್ನಡಿಗರಿಗೆ ಆ ಸಂಜೆ ತಮ್ಮ ಊರೇ ಬಂದಂತಾಗಿದ್ದರೆ ಅದನ್ನು ಯಾವ ಪಟ್ಟಿಯ ಯಾವ ಕಾಲಮ್ಮಿನಲ್ಲಿ ಬರೆಯುವುದು?

ಓದುಗ ಸಹೋದರಿಯರೇ, ಅಧಿಕೃತ ಪಟ್ಟಿ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಕು. ನಮ್ಮ ಹುಡುಗಿಯರಿಗೆ ಸರ್ಟಿಫಿಕೇಟೂ ಬೇಕು. ಅದರಿಂದ ಮುಂದೆ ಕಾಲೇಜಿನ ಸೀಟಿಗೆ, ನೌಕರಿಗೆ ಅನುಕೂಲವಾಗುತ್ತದೆ. ಆದರೆ ಪಟ್ಟಿಯಲ್ಲಿ ಇಲ್ಲದ್ದು ನಡೆದೇ ಇಲ್ಲವೆಂದು ಮಕ್ಕಳು ತಿಳಿಯಬಾರದು. ಪಟ್ಟಿ ಮಾಡುವವರು ನಮ್ಮ ಮನೆಗೆ ಬಂದು ಕೇಳುವುದಿಲ್ಲ. ನಾವೇ ಬರೆದಿಡಬೇಕು.

ನಿಮ್ಮ ಮನೆಯಲ್ಲೋ ತವರಿನಲ್ಲೋ ಬೆಂಗಳೂರು, ಹುಬ್ಬಳ್ಳಿ, ಗದಗ, ಬೆಳಗಾವಿ, ಮಂಗಳೂರಿನ ಮೈದಾನಗಳಲ್ಲಿ ಆಡಿದ ಅಜ್ಜ, ಮಾವ, ಚಾಚಾ ಇರಬಹುದು. ಅಲ್ಮಾರಿನಲ್ಲಿ ತಂಡದ ಹಳೆಯ ಫೋಟೋ ಇರಬಹುದು. ಅದನ್ನು ಹೊರತೆಗೆಯಿರಿ. ಎಡದಿಂದ ಬಲಕ್ಕೆ ಯಾರ್ಯಾರೆಂದು ಹೇಳಬಲ್ಲ ಹಿರಿಯರು ಬದುಕಿರುವಾಗಲೇ ಕೇಳಿರಿ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆಯಿರಿ: ಯಾವ ವರ್ಷ, ಯಾವ ಮೈದಾನ, ಯಾರ ಎದುರು, ಎಷ್ಟು ಗೋಲು. ಗೋಲ್‌ಕೀಪರ್ ಯಾರು, ಎಷ್ಟು ತಡೆದರು ಎಂದೂ ಕೇಳಿರಿ. ಹೆಣ್ಣುಮಕ್ಕಳು ಆಡಿದ್ದರೆ ಅವರ ಹೆಸರನ್ನು ಮದುವೆಯ ಮುಂಚಿನ ಹೆಸರಿನೊಂದಿಗೆ ಬರೆಯಿರಿ. ಇಲ್ಲದಿದ್ದರೆ ಮುಂದೆ ಹುಡುಕುವವರಿಗೆ ಅವರು ಸಿಗುವುದೇ ಇಲ್ಲ.

ನಮ್ಮ ಶಾಲೆಯಲ್ಲಿ ಈಗ ಆ ನೋಟ್‌ಬುಕ್ ಹುಡುಗಿಯರ ಕೈಗೆ ಹೋಗಿದೆ. ಪ್ರತಿ ಆಟದ ನಂತರ ಒಬ್ಬಳು ಬರೆಯುತ್ತಾಳೆ, ಇನ್ನೊಬ್ಬಳು ಓದಿ ಸಹಿ ಹಾಕುತ್ತಾಳೆ. ಇಲ್ಲಿಯವರೆಗೆ ಆರು ಪಂದ್ಯಗಳಾಗಿವೆ. ನಾಲ್ಕು ಸೋಲು, ಒಂದು ಸಮ, ಒಂದು ಗೆಲುವು.